ಕಾರ್ಡ್ ಇತ್ತು, ಸರ್ಜನ್ನೂ ಇದ್ದರು: ಒಂದು ಹರ್ನಿಯಾ ಆಪರೇಷನ್ನಿನ ಪ್ರಕರಣ

ಇದು ಮಧ್ಯ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ನಡೆದದ್ದು. ಊರು, ಆಸ್ಪತ್ರೆ, ಡಾಕ್ಟರು ಯಾರ ಹೆಸರನ್ನೂ ಹಾಕಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ. ರೋಗಿಯ ಮನೆಯವರು ಓದಿಸಿಕೊಂಡು ಒಪ್ಪಿದ್ದಾರೆ. ಆಸ್ಪತ್ರೆ ಕಾಗದಪತ್ರಕ್ಕಾಗಿ ಊರಿನವರ ಜೊತೆ ಓಡಾಡುವುದು ನಾನು ಮಾಡಿಕೊಂಡು ಬಂದಿರುವ ಕೆಲಸ. ಹಾಗಾಗಿ ಈ ಪ್ರಕರಣದ ಹೆಚ್ಚಿನ ಭಾಗವನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಹಿನ್ನೆಲೆ

ರೋಗಿ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. ವಯಸ್ಸು ಐವತ್ತು ದಾಟಿದೆ. ಊರಲ್ಲಿ ಎಲ್ಲರಿಗೂ ಅವರು ಅಣ್ಣ, ಇಲ್ಲೂ ಹಾಗೇ ಕರೆಯುತ್ತೇನೆ. ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಬೆಳಗ್ಗೆಯಿಂದ ಕತ್ತಲಾಗುವವರೆಗೆ ಲಾರಿಗೆ ಚೀಲ ಹೊರುತ್ತಾರೆ. ಕೂಲಿ ಚೀಲದ ಲೆಕ್ಕದಲ್ಲಿ. ಹೊರದ ದಿನ ದುಡ್ಡಿಲ್ಲ.

ಅವರ ಬಲಗಡೆ ತೊಡೆಸಂದಿನಲ್ಲಿ ಒಂದು ಉಬ್ಬು ಕಾಣಿಸಿಕೊಂಡಿತ್ತು. ನಿಂತಾಗ, ಕೆಮ್ಮಿದಾಗ ಹೊರಗೆ ಬರುತ್ತಿತ್ತು. ಮಲಗಿದರೆ ಒಳಗೆ ಹೋಗುತ್ತಿತ್ತು. ಟವೆಲ್ಲನ್ನು ಮಡಚಿ, ಅದರ ಮೇಲೆ ಪಂಚೆಯನ್ನು ಬಿಗಿದು ಕಟ್ಟಿಕೊಂಡು ಒಂದಿಡೀ ಸುಗ್ಗಿ ಕಳೆದಿದ್ದರು. ಮನೆಯಲ್ಲಿ ಹೆಂಡತಿಗೆ ಹೇಳಿದ್ದೇ ತುಂಬಾ ತಡವಾಗಿ. ತೊಡೆಸಂದಿನ ಕಾಯಿಲೆ ಅಂದರೆ ಗಂಡಸರು ಬಾಯಿ ಬಿಡುವುದಿಲ್ಲ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ತಡವಾಗುವುದಕ್ಕೆ ಮೊದಲ ಕಾರಣ ಈ ಸಂಕೋಚವೇ.

ಮನೆಯಲ್ಲಿ ಬಿಪಿಎಲ್ ರೇಷನ್ ಕಾರ್ಡ್ ಇದೆ. ಗ್ರಾಮ ಒನ್ ಕೇಂದ್ರದಲ್ಲಿ ಆಯುಷ್ಮಾನ್ ಕಾರ್ಡ್ ಕೂಡ ಮಾಡಿಸಿದ್ದರು. ಯಶಸ್ವಿನಿ ಅನ್ನುವ ಇನ್ನೊಂದು ಆರೋಗ್ಯ ಯೋಜನೆಯ ಕಾರ್ಡ್ ಇರಲಿಲ್ಲ, ಅದು ಸಹಕಾರ ಸಂಘದ ಸದಸ್ಯರಿಗೆ.

ಯೋಜನೆಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಶುರುವಾಯಿತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಅದನ್ನು ಸೇರಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಗೊತ್ತುಮಾಡಿದ ದರದ, ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಜನ ಇದನ್ನು ಇನ್ಶೂರೆನ್ಸ್ ಅನ್ನುತ್ತಾರೆ. ಆದರೆ ನಮ್ಮ ರಾಜ್ಯದಲ್ಲಿ ನಡುವೆ ಇನ್ಶೂರೆನ್ಸ್ ಕಂಪನಿ ಇಲ್ಲ. ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ದುಡ್ಡು ಕಟ್ಟುತ್ತದೆ.

ಕಾರ್ಡ್ ಇದ್ದ ಮೇಲೆ ಕಾರ್ಡ್ ತಗೊಳ್ಳುವ ಸರ್ಜನ್ ಒಬ್ಬರು ಸಿಕ್ಕರೆ ಸಾಕು ಅಂತ ಮನೆಯವರು ಅಂದುಕೊಂಡಿದ್ದರು.

ಹುಡುಕಾಟ

ಮೊದಲು ಹೋಗಿದ್ದು ಪೇಟೆಯ ಒಬ್ಬ ಸರ್ಜನ್ನರ ಸಂಜೆ ಕ್ಲಿನಿಕ್ಕಿಗೆ. ಒಳ್ಳೆಯ ಡಾಕ್ಟರು, ನಿಧಾನವಾಗಿ ನೋಡಿದರು. ಹರ್ನಿಯಾ, ಆಪರೇಷನ್ ಬೇಕು, ಸ್ಕ್ಯಾನಿಂಗ್ ಮಾಡಿಸಿಕೊಂಡು ಬನ್ನಿ ಅಂದರು. ಕಾರ್ಡ್ ತೋರಿಸಿದರೆ "ಇದು ಇಲ್ಲಿ ನಡೆಯಲ್ಲ" ಅಂದರು. ಅವರು ಹೇಳಿದ್ದು ಸರಿಯೇ. ಯೋಜನೆಯಲ್ಲಿ ಬರುವುದು ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆ. ಕ್ಲಿನಿಕ್ಕಿನ ಫೀಸು, ಹೊರಗಿನ ಸ್ಕ್ಯಾನಿಂಗು ಅದರೊಳಗೆ ಬರುವುದಿಲ್ಲ. ಅದೇ ಡಾಕ್ಟರು ಯೋಜನೆಯಿರುವ ಒಂದು ಆಸ್ಪತ್ರೆಗೂ ಹೋಗಿ ಆಪರೇಷನ್ ಮಾಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಅಂದರೆ ಕಾರ್ಡ್ ನಡೆಯುವುದೂ ಬಿಡುವುದೂ ಡಾಕ್ಟರ ಮೇಲೆ ನಿಂತಿಲ್ಲ. ಅವರು ಯಾವ ಕಟ್ಟಡದಲ್ಲಿ ಕೂತಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಎರಡನೆಯದು ಬಸ್‌ಸ್ಟ್ಯಾಂಡ್ ಹತ್ತಿರದ ನರ್ಸಿಂಗ್ ಹೋಂ. ಬಾಗಿಲಲ್ಲೇ ಆಯುಷ್ಮಾನ್ ಬೋರ್ಡು. ಕೌಂಟರಿನ ಹುಡುಗ ಕಾರ್ಡ್ ನೋಡಿ, ಅಡ್ಮಿಟ್ ಆಗಿ, ಅಡ್ವಾನ್ಸ್ ಕಟ್ಟಿ, ಕಾರ್ಡಿನದು ಆಮೇಲೆ ನೋಡೋಣ ಅಂದ. ಅಕ್ಕ, ಅಂದರೆ ಅಣ್ಣನ ಹೆಂಡತಿ, ಅಷ್ಟರಲ್ಲಿ ಬೆಂಡೋಲೆ ಅಡ ಇಡುವ ಲೆಕ್ಕದಲ್ಲಿದ್ದರು. ನನಗೆ ಫೋನ್ ಬಂದಿದ್ದು ಆಗ. ಒಂದು ರೂಪಾಯಿಯೂ ಕಟ್ಟಬೇಡಿ, ಆರೋಗ್ಯ ಮಿತ್ರ ಎಲ್ಲಿದ್ದಾರೆ ಅಂತ ಕೇಳಿ ಅಂದೆ. ಯೋಜನೆಯಿರುವ ಆಸ್ಪತ್ರೆಗಳಲ್ಲಿ ರೋಗಿಗೆ ದಾರಿ ತೋರಿಸಲು ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ.

ಅಲ್ಲಿನ ಆರೋಗ್ಯ ಮಿತ್ರ ಒಬ್ಬ ಹುಡುಗಿ, ಮೂಲೆಯ ಟೇಬಲ್ಲಿನಲ್ಲಿದ್ದಳು. ನಾನು ಫೋನಿನಲ್ಲೇ ಕೇಳಿದೆ: ಇಲ್ಲಿ ಜನರಲ್ ಸರ್ಜರಿ ಸ್ಕೀಮಿನಲ್ಲಿ ಇದೆಯಾ? ಅವಳು ಮುಚ್ಚುಮರೆ ಮಾಡದೆ ಹೇಳಿದಳು. "ಇಲ್ಲ ಸಾರ್. ನಮ್ಮಲ್ಲಿ ಮೂಳೆ ಮತ್ತೆ ಕಣ್ಣು ಮಾತ್ರ. ಹರ್ನಿಯಾಗೆ ಪೂರ್ತಿ ದುಡ್ಡು ಕೊಡಬೇಕಾಗುತ್ತೆ."

ಬೋರ್ಡು ಸುಳ್ಳಲ್ಲ. ಆಸ್ಪತ್ರೆಗಳು ಯೋಜನೆಗೆ ನೋಂದಾಯಿಸಿಕೊಳ್ಳುವುದು ವಿಭಾಗದ ಲೆಕ್ಕದಲ್ಲಿ. ಒಂದು ಆಸ್ಪತ್ರೆಗೆ ಮೂಳೆ ಇರಬಹುದು, ಸರ್ಜರಿ ಇಲ್ಲದಿರಬಹುದು. ಇದನ್ನು ಬೋರ್ಡಿನಲ್ಲಿ ಬರೆಯುವುದಿಲ್ಲ ಅನ್ನುವುದು ನನಗೆ ಇವತ್ತಿಗೂ ಸಿಟ್ಟು ಬರಿಸುವ ವಿಷಯ. ಯೋಜನೆಯಲ್ಲಿ ಯಾವ ಯಾವ ವಿಭಾಗ ಇದೆ ಅಂತ ಎರಡು ಸಾಲು ಬರೆಸಿದರೆ ಎಷ್ಟು ಮನೆಯ ಬೆಂಡೋಲೆ ಉಳಿಯುತ್ತದೆ!

ಅದೇ ಹುಡುಗಿ ಇನ್ನೊಂದು ಮಾತು ಹೇಳಿದಳು. ಕಾರ್ಡ್ ಪರಿಶೀಲಿಸಲು ಅಣ್ಣನ ಬೆರಳು ಇಟ್ಟು ನೋಡಿದ್ದಳು, ಬಂದಿರಲಿಲ್ಲ. "ಅಂಕಲ್‌ದು ಹೆಬ್ಬೆಟ್ಟು ಬರ್ತಾ ಇಲ್ಲ. ಆಧಾರ್‌ಗೆ ಈಗಿನ ಮೊಬೈಲ್ ನಂಬರ್ ಹಾಕಿಸಿಬಿಡಿ, ಎಲ್ಲಿಗೆ ಹೋದರೂ ಬೇಕಾಗುತ್ತೆ." ಆಗ ಅದು ದೊಡ್ಡ ವಿಷಯ ಅನ್ನಿಸಲಿಲ್ಲ. ಆದರೂ ಅಕ್ಕ ಅದೇ ವಾರ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಹಾಕಿಸಿದರು.

ಮೂರನೆಯದು ಪಕ್ಕದ ಪೇಟೆಯ ಖಾಸಗಿ ಆಸ್ಪತ್ರೆ. ಅಲ್ಲಿ ಜನರಲ್ ಸರ್ಜರಿ ಯೋಜನೆಯಲ್ಲಿತ್ತು. ಆದರೆ ಎರಡು ಷರತ್ತು ಹಾಕಿದರು. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ನೀವೇ ತನ್ನಿ, ಮೆಶ್‌ನ (ಹರ್ನಿಯಾ ಜಾಗಕ್ಕೆ ಒಳಗೆ ಕೂರಿಸುವ ಬಲೆ) ದುಡ್ಡು ಬೇರೆ ಕೊಡಿ. ಮೊದಲನೆಯದು ನಿಯಮ. ಎರಡನೆಯದಕ್ಕೆ ನಿಯಮದಲ್ಲಿ ಜಾಗವೇ ಇಲ್ಲ.

ತಾಲ್ಲೂಕು ಆಸ್ಪತ್ರೆ

ಇಷ್ಟೆಲ್ಲ ಸುತ್ತುವಾಗ ತಾಲ್ಲೂಕು ಆಸ್ಪತ್ರೆಗೆ ಯಾಕೆ ಹೋಗಲಿಲ್ಲ? ಅಣ್ಣನ ಉತ್ತರ: "ಅಲ್ಲಿ ಯಾರಿದಾರೆ, ಸುಮ್ನೆ ದೊಡ್ಡಾಸ್ಪತ್ರೆಗೆ ಬರೆದು ಕಳಿಸ್ತಾರೆ." ಪಕ್ಕದ ಮನೆಯವರಿಗೆ ಯಾವತ್ತೋ ಹಾಗೆ ಆಗಿತ್ತಂತೆ. ಆದರೆ ಈ ಯೋಜನೆಯ ಬಾಗಿಲೇ ಅಲ್ಲಿದೆ. ತುರ್ತು ಅಲ್ಲದ ಚಿಕಿತ್ಸೆಗೆ ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗುವುದನ್ನು ಅಲ್ಲೇ ಮಾಡಬೇಕು. ಆಗದಿದ್ದರೆ ಅವರೇ ಚೀಟಿ ಬರೆದು ಕಳಿಸಬೇಕು. ಹಾಗಾಗಿ ಬರೆದು ಕಳಿಸುತ್ತಾರೆ ಅನ್ನುವುದು ಹೋಗದೇ ಇರುವುದಕ್ಕೆ ಕಾರಣ ಆಗಬಾರದು, ಹೋಗುವುದಕ್ಕೇ ಕಾರಣ ಆಗಬೇಕು ಅಂತ ನಾನು ಹಟ ಹಿಡಿದೆ.

ಹೋದರೆ ಅಲ್ಲಿ ಜನರಲ್ ಸರ್ಜನ್ ಇದ್ದರು! ಚಿಕ್ಕ ವಯಸ್ಸು, ಒಪಿಡಿ ತುಂಬಾ ಜನ. ಅಣ್ಣನನ್ನು ನಿಲ್ಲಿಸಿ ಕೆಮ್ಮಿಸಿದರು, ಮಲಗಿಸಿ ನೋಡಿದರು. ಹೊಟ್ಟೆಯ ಗೋಡೆ ಅಲ್ಲಿ ತೆಳ್ಳಗಾಗಿ ಕರುಳು ನುಗ್ಗುತ್ತಿದೆ ಅಂದರು. "ಹರಿದ ಚೀಲಕ್ಕೆ ಒಳಗಿಂದ ತೇಪೆ ಹಾಕ್ತೀವಲ್ಲ, ಆಪರೇಷನ್ ಅಂದ್ರೆ ಅಷ್ಟೇ ಯಜಮಾನ್ರೆ." ಅಣ್ಣನ ಮುಖದಲ್ಲಿ ಅವತ್ತು ಮೊದಲ ಸಲ ಧೈರ್ಯ ಕಂಡಿತು.

ಆಮೇಲೆ ಎರಡು ತೊಡಕು ಹೊರಬಂದವು. ಒಂದು, ರಕ್ತ ಪರೀಕ್ಷೆಯಲ್ಲಿ ಸಕ್ಕರೆ ತುಂಬಾ ಜಾಸ್ತಿ ಇತ್ತು. ಅಣ್ಣನಿಗೆ ಡಯಾಬಿಟಿಸ್ ಇದೆ ಅಂತ ಗೊತ್ತಾಗಿದ್ದೇ ಆಗ. ಸಕ್ಕರೆ ಹಾಗೇ ಇದ್ದರೆ ಗಾಯ ಕೀವು ಹಿಡಿಯುವ ಭಯ, ಒಳಗೆ ಮೆಶ್ ಕೂರಿಸುವಾಗ ಅದು ಇನ್ನೂ ಕಷ್ಟ. ಇಳಿಯುವವರೆಗೆ ಮಾಡಲ್ಲ ಅಂದರು. ಬೀಡಿಯನ್ನೂ ಬಿಡಬೇಕು, ಕೆಮ್ಮು ಇದ್ದರೆ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ ಅಂದರು. ಪೇಟೆಯ ಎರಡೂ ಆಸ್ಪತ್ರೆಗಳಲ್ಲಿ ದುಡ್ಡಿನ ಮಾತಾಗಿತ್ತು, ಸಕ್ಕರೆಯ ಮಾತು ಬಂದಿರಲಿಲ್ಲ. ಅಲ್ಲಿ ಅಡ್ಮಿಟ್ ಆಗಿದ್ದರೆ ಖಂಡಿತ ಅವರೂ ಪರೀಕ್ಷೆ ಮಾಡುತ್ತಿದ್ದರು. ಅಷ್ಟರಲ್ಲಿ ಅಡ್ವಾನ್ಸ್ ಕಟ್ಟಿಯಾಗಿರುತ್ತಿತ್ತು.

ಎರಡನೆಯ ತೊಡಕು ನಿಜವಾದ ಕಗ್ಗಂಟು. ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು ಒಬ್ಬರೇ. ಹೆರಿಗೆ ವಾರ್ಡಿನ ಸಿಸೇರಿಯನ್‌ಗಳಿಗೆಲ್ಲ ಅವರೇ ಬೇಕು. ತಾಯಿ ಮಗುವಿನ ಜೀವದ ಪ್ರಶ್ನೆ ಬಂದಾಗ ಹರ್ನಿಯಾ ಹಿಂದಕ್ಕೆ ಹೋಗುತ್ತದೆ, ಹೋಗಲೇಬೇಕು. ಸರ್ಜನ್ ಹೇಳಿದ ಮಾತು ನನಗೆ ಹಾಗೇ ನೆನಪಿದೆ: "ಕೈ ನಂದು ಖಾಲಿ ಇದೆ ಯಜಮಾನ್ರೆ, ಬೆನ್ನಿಗೆ ಸೂಜಿ ಹಾಕೋರು ಖಾಲಿ ಇಲ್ಲ."

ನಮ್ಮ ತಾಲ್ಲೂಕಿನಲ್ಲಿ ಸರ್ಜನ್ ಇಲ್ಲ ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಸರ್ಜನ್ ಇದ್ದೂ ಆಪರೇಷನ್ ನಡೆಯದ ವಾರಗಳನ್ನು ಜನ ನೋಡಿದ್ದಾರೆ. ಆದರೆ ಕೊರತೆ ಯಾವ ಕೊಂಡಿಯಲ್ಲಿದೆ ಅಂತ ಗೊತ್ತಾದರೆ ಕೇಳುವ ಪ್ರಶ್ನೆಯೇ ಬದಲಾಗುತ್ತದೆ. ಸರ್ಜನ್ ಇದ್ದಾರಾ ಅಂತ ಕೇಳುವುದು ಬಿಟ್ಟು, ವಾರದಲ್ಲಿ ಯಾವ ದಿನ ಆಪರೇಷನ್ ಇರುತ್ತೆ, ಅವತ್ತು ಅರಿವಳಿಕೆ ಡಾಕ್ಟರು ಇರ್ತಾರಾ ಅಂತ ಕೇಳಬೇಕು.

ಕಾಯುವುದೋ, ಬೇರೆ ಕಡೆ ಹೋಗುವುದೋ

ಹೇಗೂ ಸಕ್ಕರೆ ಇಳಿಯಬೇಕಿತ್ತು. ಅಷ್ಟರಲ್ಲಿ ಸರದಿ ಬಂದರೆ ಇಲ್ಲೇ ಮಾಡೋಣ ಅಂತ ತೀರ್ಮಾನವಾಯಿತು. ಮಾತ್ರೆ ಆಸ್ಪತ್ರೆಯಲ್ಲೇ ಉಚಿತವಾಗಿ ಸಿಕ್ಕಿತು. ಮಗಳು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಾಳೆ. ಅವಳು ದಿನಾ ರಾತ್ರಿ ಫೋನ್ ಮಾಡಿ "ಅಪ್ಪಾ, ಮಾತ್ರೆ ತಗೊಂಡ್ಯಾ, ಬೀಡಿ ಸೇದಿದ್ಯಾ" ಅಂತ ವಿಚಾರಿಸಿಕೊಳ್ಳುತ್ತಿದ್ದಳು. ಸಕ್ಕರೆ ಇಳಿದದ್ದರಲ್ಲಿ ಅವಳ ಪಾಲು ದೊಡ್ಡದು.

ಇಲ್ಲಿ ಸರ್ಜನ್ ಮಾಡಿದ ಒಂದು ಚಿಕ್ಕ ಕೆಲಸವನ್ನು ಹೇಳಲೇಬೇಕು. ಒಪಿಡಿ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಟ್ಟರು: ಉಬ್ಬು ಗಟ್ಟಿಯಾಗಿ ಒಳಗೆ ಹೋಗದೇ ಇದ್ದರೆ, ನೋವು ತಡೆಯಲಾಗದಿದ್ದರೆ, ವಾಂತಿ ಆದರೆ, ಚರ್ಮ ಕೆಂಪಾದರೆ ಅಥವಾ ಕಪ್ಪಾದರೆ ತಕ್ಷಣ ಆಸ್ಪತ್ರೆಗೆ. ಒತ್ತಿ ಒಳಗೆ ತಳ್ಳಬೇಡಿ. ಕೆಳಗೆ ಅಡಿಗೆರೆ ಎಳೆದು ಇನ್ನೊಂದು ಸಾಲು: ಆಗ ರೆಫರಲ್ ಚೀಟಿ ಬೇಡ. ಯೋಜನೆಯಲ್ಲಿ ತುರ್ತು ಚಿಕಿತ್ಸೆಗಳದ್ದೇ ಒಂದು ಪಟ್ಟಿ ಇದೆ. ಅವುಗಳಿಗೆ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಸಿಕ್ಕಿಹಾಕಿಕೊಂಡ ಕರುಳಿಗೆ ರಕ್ತ ನಿಂತುಹೋದರೆ ಅದು ಗಂಟೆಗಳ ಲೆಕ್ಕದ ಮಾತು. ಚೀಟಿಗಾಗಿ ಬೆಳಗಾಗುವವರೆಗೆ ಕಾದು ಕೂರಬಾರದು. ಅಕ್ಕ ಆ ಚೀಟಿಯನ್ನು ದೇವರ ಗೂಡಿನ ಪಕ್ಕ ಸಿಕ್ಕಿಸಿದ್ದರು.

ಅದು ಕೆಲಸಕ್ಕೂ ಬಂತು. ಒಂದು ಸಂಜೆ ಉಬ್ಬು ಒಳಗೆ ಹೋಗಲಿಲ್ಲ, ನೋವು ಶುರುವಾಯಿತು. ಮೊದಲಾಗಿದ್ದರೆ ಅಣ್ಣ ಬೆಳಗ್ಗೆ ನೋಡೋಣ ಅನ್ನುತ್ತಿದ್ದರು. ಅಕ್ಕ ಚೀಟಿ ತೋರಿಸಿ ಆಟೋ ಕರೆಸಿದರು. ತಾಲ್ಲೂಕು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಕಾಲು ಎತ್ತರಿಸಿ ಮಲಗಿಸಿ, ನೋವಿನ ಇಂಜೆಕ್ಷನ್ ಕೊಟ್ಟ ಮೇಲೆ ತಾನಾಗೇ ಒಳಗೆ ಸರಿಯಿತು. ರಾತ್ರಿ ಅಲ್ಲೇ ಇಟ್ಟುಕೊಂಡು ನೋಡಿದರು.

ಬೆಳಗ್ಗೆ ಸರ್ಜನ್ ಬಂದವರೇ ತೀರ್ಮಾನ ಬದಲಿಸಿದರು. ಒಂದು ಸಲ ಸಿಕ್ಕಿಕೊಂಡದ್ದು ಮತ್ತೆ ಸಿಕ್ಕಿಕೊಳ್ಳಬಹುದು, ಇನ್ನು ನನ್ನ ಸರದಿಗೆ ಕಾಯಬೇಡಿ ಅಂದರು. ಸಕ್ಕರೆ ಆ ಹೊತ್ತಿಗೆ ಹತೋಟಿಗೆ ಬಂದಿತ್ತು. ರೆಫರಲ್ ಚೀಟಿ ಬರೆದರು. ಕಾಯಿಲೆ ಏನು, ಯಾವ ಆಪರೇಷನ್ ಬೇಕು, ಇಲ್ಲಿ ಯಾಕೆ ಆಗುತ್ತಿಲ್ಲ, ಮೂರೂ ಸ್ಪಷ್ಟವಾಗಿ. ಸಹಿಯ ಕೆಳಗೆ ಸೀಲ್ ಬಿದ್ದಿದೆಯಾ ಅಂತ ನಾನು ಅಲ್ಲೇ ನೋಡಿಕೊಂಡೆ. ಸೀಲ್ ಇಲ್ಲದ ಚೀಟಿ ಹಿಡಿದು ಜಿಲ್ಲಾ ಕೇಂದ್ರದಿಂದ ವಾಪಸ್ ಬಂದವರನ್ನು ನೋಡಿದ್ದೇನೆ.

ಎರಡು ದಾರಿ

ಈಗ ಮುಂದೆ ಎರಡು ದಾರಿ ಇತ್ತು. ಹತ್ತಿರದ ಆ ಖಾಸಗಿ ಆಸ್ಪತ್ರೆ, ಇಲ್ಲವೇ ಜಿಲ್ಲಾ ಕೇಂದ್ರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ.

ಮೆಶ್ ದುಡ್ಡಿನ ವಿಷಯಕ್ಕೆ ಟ್ರಸ್ಟಿನ ಸಹಾಯವಾಣಿ 1800 425 8330ಕ್ಕೆ ಫೋನ್ ಮಾಡಿದೆವು. ಕೇಂದ್ರದ 14555 ಕೂಡ ಇದೆ. ಬಿಪಿಎಲ್ ರೋಗಿಯಿಂದ ಮೆಶ್‌ಗೆ ಬೇರೆ ದುಡ್ಡು ತೆಗೆದುಕೊಳ್ಳುವಂತಿಲ್ಲ, ಕೇಳಿದರೆ ದೂರು ಕೊಡಿ ಅಂದರು. ಅದನ್ನೇ ಖಾಸಗಿ ಆಸ್ಪತ್ರೆಯವರಿಗೆ ಹೇಳಿದಾಗ ದನಿ ಬದಲಾಯಿತು. "ಕರ್ಕೊಂಡು ಬನ್ನಿ, ನೋಡೋಣ" ಅಂದರು.

ಮನೆಯಲ್ಲಿ ಆ ರಾತ್ರಿ ದೊಡ್ಡ ಚರ್ಚೆ. ಖಾಸಗಿ ಹತ್ತಿರ, ಊಟ ಮನೆಯಿಂದಲೇ ಒಯ್ಯಬಹುದು, ಬೇಗ ಆಗಬಹುದು. ಜಿಲ್ಲಾ ಆಸ್ಪತ್ರೆ ದೂರ, ಜನಜಂಗುಳಿ, ಅಕ್ಕ ಅಲ್ಲೇ ನೆಲದ ಮೇಲೆ ಮಲಗಬೇಕು. ಅಕ್ಕ ಕೊನೆಗೆ ಹೇಳಿದ್ದು: "ನೋಡೋಣ ಅಂದವರನ್ನ ನಂಬಿ ಹೊಟ್ಟೆ ಕೊಯ್ಸಿಕೊಳ್ಳೋಕೆ ಆಗಲ್ಲ." ಜಿಲ್ಲೆಗೇ ಹೋಗುವುದೆಂದಾಯಿತು. ಅವರ ಪಾಲಿಗೆ ಅದು ಸರಿಯಾದ ತೀರ್ಮಾನ ಅಂತಲೇ ನನ್ನ ಅಭಿಪ್ರಾಯ. ಸಕ್ಕರೆ ನೋಡಿಕೊಳ್ಳುವ ಡಾಕ್ಟರು ಒಂದೇ ಕಟ್ಟಡದಲ್ಲಿ ಸಿಗುತ್ತಿದ್ದರು. ಎಲ್ಲರಿಗೂ ಇದೇ ಸರಿ ಅನ್ನಲಾರೆ. ಜೊತೆಗಿರಲು ಜನವಿಲ್ಲದ ಮನೆಗೆ, ಹತ್ತಿರದಲ್ಲೇ ನಿಯಮದಂತೆ ನಡೆಯುವ ಖಾಸಗಿ ಆಸ್ಪತ್ರೆ ಇದ್ದರೆ, ಅದೇ ಮೇಲು.

ಆಪರೇಷನ್

ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಸರ್ಜರಿ ವಿಭಾಗ ಯೂನಿಟ್‌ಗಳಾಗಿ ಹಂಚಿಹೋಗಿರುತ್ತದೆ. ಒಂದೊಂದು ಯೂನಿಟ್‌ಗೆ ಒಂದೊಂದು ಒಪಿಡಿ ದಿನ, ಒಂದೊಂದು ಆಪರೇಷನ್ ದಿನ. ಮೊದಲು ನೋಡಿದ ಯೂನಿಟ್ಟೇ ಕೊನೆವರೆಗೂ ನೋಡುತ್ತದೆ. ಬೇರೆ ದಿನ ಹೋದರೆ ಬೇರೆ ಡಾಕ್ಟರು, ಮತ್ತೆ ಮೊದಲಿಂದ ಕಥೆ. ಅಣ್ಣನ ಚೀಟಿಯ ಮೇಲೆ ಯೂನಿಟ್ ನಂಬರ್ ದೊಡ್ಡದಾಗಿ ಬರೆಸಿಕೊಂಡದ್ದು ತುಂಬಾ ಉಪಯೋಗವಾಯಿತು.

ಸೇರುವ ದಿನ ಆರೋಗ್ಯ ಮಿತ್ರರ ಕೌಂಟರಿನಲ್ಲಿ ಬೆರಳಿನ ತೊಂದರೆ ಮತ್ತೆ ಎದುರಾಯಿತು. ಅಣ್ಣ ಬಲಗೈ ಹೆಬ್ಬೆರಳು ಇಟ್ಟರು, ಕೆಂಪು ದೀಪ. ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟರು, ಕೆಂಪು. ಎಡಗೈ, ಆಮೇಲೆ ಉಳಿದ ಬೆರಳುಗಳು. ಗೋಣಿಚೀಲ ಹಿಡಿದು ಹಿಡಿದು ಬೆರಳಿನ ಗೆರೆಗಳೆಲ್ಲ ಸವೆದು ಹೋಗಿದ್ದವು. ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ಒಟಿಪಿ ಕಳಿಸಿದರು, ಅಕ್ಕನ ಕೈಯಲ್ಲಿದ್ದ ಫೋನ್ ಸದ್ದು ಮಾಡಿತು. ಆ ನರ್ಸಿಂಗ್ ಹೋಂ ಹುಡುಗಿಯ ಮಾತು ಕೇಳಿ ನಂಬರ್ ಬದಲಿಸಿದ್ದಕ್ಕೆ ಅವತ್ತು ಕೆಲಸವಾಯಿತು. ಹಳೆಯ ನಂಬರಿನ ಸಿಮ್ ಕಳೆದುಹೋಗಿ ಎಷ್ಟೋ ಕಾಲವಾಗಿತ್ತು.

ಟ್ರಸ್ಟಿನ ಒಪ್ಪಿಗೆ ಬಂತು. ಬೆನ್ನಿಗೆ ಅರಿವಳಿಕೆ ಕೊಟ್ಟು ತೆರೆದ ಆಪರೇಷನ್ ಮಾಡಿ ಮೆಶ್ ಕೂರಿಸಿದರು. ಗಾಯ ಚೆನ್ನಾಗಿ ಒಣಗಿತು. ಬಿಡುಗಡೆಯ ದಿನ ಬಿಲ್ ಇರಲಿಲ್ಲ.

ಹಾಗಂತ ಖರ್ಚೇ ಆಗಲಿಲ್ಲ ಅಂತಲ್ಲ. ಮೊದಲ ಕ್ಲಿನಿಕ್ಕಿನ ಫೀಸು ಮತ್ತು ಸ್ಕ್ಯಾನಿಂಗ್ ದುಡ್ಡು ವಾಪಸ್ ಬರಲಿಲ್ಲ. ಆಯುಷ್ಮಾನ್ ನಿಯಮದಲ್ಲಿ ಆಸ್ಪತ್ರೆ ಸೇರುವ ಮೊದಲಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ಖರ್ಚು ಸೇರುತ್ತದೆ, ತಿಂಗಳುಗಳ ಹಿಂದಿನದು ಸೇರುವುದಿಲ್ಲ. ಬಸ್ಸು, ಅಕ್ಕನ ಊಟ, ಎಲ್ಲಕ್ಕಿಂತ ಹೆಚ್ಚಾಗಿ ಕೂಲಿ. ಭಾರ ಎತ್ತಬಾರದ ವಾರಗಳಲ್ಲಿ ಹಮಾಲಿಗೆ ಕೂಲಿ ಎಲ್ಲಿಂದ ಬರಬೇಕು? ಯೋಜನೆ ಆಪರೇಷನ್ನಿಗೆ ಕೊಡುತ್ತದೆ, ಖಾಲಿ ಕೂತ ದಿನಕ್ಕೆ ಕೊಡುವುದಿಲ್ಲ. ಮಗಳು ದುಡ್ಡು ಕಳಿಸಿದಳು, ಕಿರಾಣಿ ಅಂಗಡಿಯವರು ಸಾಲ ಕೊಟ್ಟರು. ದುಡಿಯುವವರ ಮನೆಯಲ್ಲಿ ಆಪರೇಷನ್ ಮುಂದಕ್ಕೆ ಹೋಗುವುದು ಈ ಲೆಕ್ಕಕ್ಕೇ ಜಾಸ್ತಿ. ಕಾರ್ಡ್ ಹಂಚುವವರು ಇದನ್ನು ಮನಸ್ಸಿಟ್ಟು ಯೋಚಿಸಬೇಕು.

ಈ ಪ್ರಕರಣದಿಂದ ನಮ್ಮ ಕಡೆ ಬದಲಾದದ್ದು

ಈಗ ಯಾರಾದರೂ ಕಾರ್ಡ್ ತಗೊಳ್ಳೋ ಸರ್ಜನ್ ಯಾರಿದ್ದಾರೆ ಅಂತ ಕೇಳಿದರೆ ನಾನು ಮೊದಲು ತಾಲ್ಲೂಕು ಆಸ್ಪತ್ರೆಯ ಸರ್ಜರಿ ಒಪಿಡಿಗೆ ಕಳಿಸುತ್ತೇನೆ. ಕಾಯಿಲೆಗೆ ಒಂದು ಹೆಸರು, ಬೇಕಾದ ಆಪರೇಷನ್ನಿಗೆ ಒಂದು ಹೆಸರು ಅಲ್ಲಿ ಸಿಗುತ್ತದೆ. ಅವೆರಡು ಕೈಯಲ್ಲಿಲ್ಲದೆ ಸಹಾಯವಾಣಿಗೆ ಫೋನ್ ಮಾಡಿದರೂ ಉಪಯೋಗವಿಲ್ಲ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಬಸ್ ಹತ್ತುವ ಮೊದಲು ಅಲ್ಲಿನ ಆರೋಗ್ಯ ಮಿತ್ರರಿಗೆ ಫೋನ್ ಮಾಡಿಸುತ್ತೇನೆ. ಈ ಆಪರೇಷನ್ನು, ಈ ವಿಭಾಗದಲ್ಲಿ, ನಿಮ್ಮಲ್ಲಿ ಯೋಜನೆಯಡಿ ಆಗುತ್ತಾ ಅಂತ ಅವರನ್ನೇ ಕೇಳಬೇಕು. ಕೌಂಟರಿನ ಮಾತಿಗಿಂತ ಅವರ ಮಾತಿಗೆ ತೂಕ ಜಾಸ್ತಿ.

ಊರಿನ ಹಾಲಿನ ಡೈರಿಯ ನೋಟಿಸ್ ಬೋರ್ಡಿನಲ್ಲಿ ತಾಲ್ಲೂಕು ಆಸ್ಪತ್ರೆಯ ಸರ್ಜರಿ ಒಪಿಡಿ ದಿನ, ಆಪರೇಷನ್ ದಿನ, ಸಹಾಯವಾಣಿ ನಂಬರ್ ಬರೆದು ಹಾಕಿದ್ದೇವೆ. ಹರ್ನಿಯಾದ ಅಪಾಯದ ಲಕ್ಷಣಗಳೂ ಅದರ ಕೆಳಗಿವೆ. ಹಾಲು ಹಾಕಲು ಬಂದ ಇಬ್ಬರು ಅದನ್ನು ಓದಿ, ತಮಗೂ ಹೀಗೇ ಇದೆ ಅಂತ ಮೆಲ್ಲಗೆ ಬಂದು ಹೇಳಿದರು.

ಅಣ್ಣ ಈಗ ಚೀಲ ಹೊರುತ್ತಿಲ್ಲ. ಅದೇ ಯಾರ್ಡಿನಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ಹಚ್ಚಿದ್ದಾರೆ, ಕೂಲಿ ಕಡಿಮೆ. ಹಿಂದಿನ ಸಲ ತೋರಿಸಲು ಹೋದಾಗ ಎಡಗಡೆಯೂ ಸಣ್ಣದಾಗಿ ಶುರುವಾಗಿದೆ ಅಂತ ಡಾಕ್ಟರು ಹೇಳಿದರು. ಸದ್ಯಕ್ಕೆ ತೊಂದರೆ ಇಲ್ಲ, ಆರು ತಿಂಗಳಿಗೆ ತೋರಿಸಿ ಅಂದಿದ್ದಾರೆ. ಅದರ ಆಪರೇಷನ್ನಿಗೆ ತಾಲ್ಲೂಕು ಆಸ್ಪತ್ರೆಯಿಂದ ಹೊಸ ಚೀಟಿ ಬೇಕಾಗುತ್ತದೆ. ಮೆಕ್ಕೆಜೋಳ ಬರುವ ಮೊದಲೇ ಮಾಡಿಸಿಬಿಡೋಣ ಅಂತ ಅಕ್ಕ ಈಗಾಗಲೇ ಅಣ್ಣನ ಸಕ್ಕರೆ ಪುಸ್ತಕ ತೆಗೆದಿಟ್ಟಿದ್ದಾರೆ.